ಕಲಿಯುತ್ತಿರುವ ಮನಶ್ಚಿಕಿತ್ಸಕರ ಮುಂದೆ ಕುಳಿತಾಗ

ಶ್ರೀಮಠದ ಭಕ್ತಬಾಂಧವರಲ್ಲಿ ಹಲವರು ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು. ಮನಸ್ಸಿನ ಬೇನೆಗೆಂದು ದೊಡ್ಡ ಆಸ್ಪತ್ರೆಗೆ ಹೋದರೆ, ಹಿರಿಯ ಮನೋವೈದ್ಯರು ಸ್ವಲ್ಪ ಹೊತ್ತು ನೋಡಿ ಮಾತ್ರೆ ಬರೆದುಕೊಡುತ್ತಾರೆ. ಉಳಿದ ಮಾತುಕತೆಗೆಂದು ಇನ್ನೂ ಓದುತ್ತಿರುವ ಯುವಕನ ಬಳಿಗೋ ಯುವತಿಯ ಬಳಿಗೋ ಕಳುಹಿಸುತ್ತಾರೆ. ಅಂಥವರ ಮುಂದೆ ಮನೆಯ ಸಂಕಟವನ್ನೆಲ್ಲ ಬಿಚ್ಚಿಡಬಹುದೇ? ನಮ್ಮ ದುಃಖವು ಅವರ ಪಾಠದ ಸಾಮಗ್ರಿಯಾಗಿಬಿಡುವುದಿಲ್ಲವೇ? ಈ ಅನುಮಾನದಿಂದ ಎರಡನೆಯ ಭೇಟಿಗೆ ಹೋಗದೆ ನಿಂತವರನ್ನು ನಾವು ಕಂಡಿದ್ದೇವೆ. ಚಿಕಿತ್ಸೆ ನಡುವೆ ನಿಲ್ಲುವುದರಿಂದ ಆಗುವ ಹಾನಿ ಸಣ್ಣದಲ್ಲ. ಆದಕಾರಣ ಈ ವಿಷಯವನ್ನು ಕೊಂಚ ವಿವರವಾಗಿ ವಿಚಾರ ಮಾಡೋಣ.

ನಾವು ವೃತ್ತಿ ನಡೆಸಿಕೊಂಡು ಬಂದಿರುವುದು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಹೊಸದಾಗಿ ರೂಪುಗೊಂಡ ಕಡಬ ತಾಲ್ಲೂಕುಗಳಲ್ಲಿ. ಘಟ್ಟದ ಬುಡದ ಈ ಸೀಮೆಯಲ್ಲಿ ಮನೆಗಳು ತೋಟದ ನಡುವೆ ದೂರದೂರ ಇವೆ. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಕಡಬ ತಾಲ್ಲೂಕಿನ ಕುಕ್ಕೆ ಸುಬ್ರಹ್ಮಣ್ಯದಿಂದಾದರೆ ಅದರ ಇಮ್ಮಡಿ. ಇಷ್ಟು ದೂರ ಸಾಗಿ ಆಸ್ಪತ್ರೆ ಮುಟ್ಟಿದವರಿಗೆ ಅಲ್ಲಿ ಕಲಿಯುವವರೇ ಎದುರಾಗುವುದು ಸಹಜ. ಏಕೆಂದರೆ ನಮ್ಮ ಜಿಲ್ಲೆಯ ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚಿನವು ವೈದ್ಯಕೀಯ ಮಹಾವಿದ್ಯಾಲಯಗಳಿಗೆ ಸೇರಿದವು. ಸುಳ್ಯದಲ್ಲಿ ಕೆ.ವಿ.ಜಿ. ಹೆಸರಿನ ವೈದ್ಯಕೀಯ ಮತ್ತು ಆಯುರ್ವೇದ ಮಹಾವಿದ್ಯಾಲಯಗಳೆರಡೂ ಇವೆ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯೂ ಕಸ್ತೂರ್ಬಾ ವೈದ್ಯಕೀಯ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಕಲಿಯುವ ಸ್ಥಳವೇ ಆಗಿದೆ.

ಕಲಿಯುವವರು ಎಂದರೆ ಯಾರು?

ಈ ಮಾತಿನಲ್ಲಿ ಹಲವು ಬಗೆಯವರು ಅಡಗಿದ್ದಾರೆ. ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ 3 ವರ್ಷಗಳ ಎಂ.ಡಿ. ಓದುತ್ತಿರುವವರು ಒಂದು ಬಗೆ. ಇವರು ಈಗಾಗಲೇ ವೈದ್ಯರು. ವಿಶೇಷ ವಿದ್ಯೆಯನ್ನು ಕಲಿಯುತ್ತಿರುವವರು. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬಳಿಕ ಆಸ್ಪತ್ರೆಯಲ್ಲೇ ಇದ್ದು ಕ್ಲಿನಿಕಲ್ ಸೈಕಾಲಜಿಯ ತರಬೇತಿ ಪಡೆಯುವವರು ಇನ್ನೊಂದು ಬಗೆ. ಇವರು ಮಾತ್ರೆ ಬರೆಯುವುದಿಲ್ಲ. ಪರೀಕ್ಷೆಗಳನ್ನು ನಡೆಸಿ, ಮಾತಿನ ಮೂಲಕ ಚಿಕಿತ್ಸೆ ಮಾಡುತ್ತಾರೆ. ಮೂರನೆಯವರು ಸಮಾಜಕಾರ್ಯದ ವಿದ್ಯಾರ್ಥಿಗಳು. ಮಂಗಳೂರಿನಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯದಂಥ ಸಂಸ್ಥೆಗಳಿಂದ ಇಂಥವರು ಸಿದ್ಧರಾಗುತ್ತಾರೆ.

ಈ ತರಬೇತಿಯ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷವೇ ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಅಲ್ಲಿ ಶಿಕ್ಷಣ ತೊಡಗಿತು. 1974ರಲ್ಲಿ ಆ ಸಂಸ್ಥೆಯೂ ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಇಂದು ನಾಡಿನ ಮೂಲೆಮೂಲೆಯಲ್ಲಿರುವ ಹಿರಿಯ ತಜ್ಞರೆಲ್ಲರೂ ಒಂದು ಕಾಲದಲ್ಲಿ ಯಾವುದೋ ರೋಗಿಯ ಮುಂದೆ ಮೊದಲ ಬಾರಿಗೆ ಅಳುಕುತ್ತ ಕುಳಿತವರೇ ಆಗಿದ್ದಾರೆ.

ಶಾಸ್ತ್ರವು ಏನು ಹೇಳುತ್ತದೆ?

ಕಲಿಕೆಗೂ ಚಿಕಿತ್ಸೆಗೂ ಇರುವ ಸಂಬಂಧವನ್ನು ಆಯುರ್ವೇದದ ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ‘ಯೋಗ್ಯಾಸೂತ್ರೀಯ’ ಎಂಬ ಅಧ್ಯಾಯವೇ ಇದೆ. ಶಸ್ತ್ರವಿದ್ಯೆಯ ಶಿಷ್ಯನು ರೋಗಿಯ ಮೈಮುಟ್ಟುವ ಮೊದಲು ಬೂದುಗುಂಬಳ, ಸೋರೆ, ಸೌತೆಗಳನ್ನು ಕೊಯ್ದು ಅಭ್ಯಾಸ ಮಾಡಬೇಕು. ಬಟ್ಟೆಯ ಮೇಲೂ ಮೆದು ಚರ್ಮದ ಮೇಲೂ ಹೊಲಿಗೆ ಹಾಕಿ ಕಲಿಯಬೇಕು. ಹಲಸಿನ ಹಣ್ಣಿನ ತಿರುಳಿನಿಂದ ಬೀಜ ತೆಗೆದು, ಹೊಕ್ಕಿದ್ದನ್ನು ಹೊರತೆಗೆಯುವ ಕೈಚಳಕ ಗಳಿಸಬೇಕು ಎಂದು ಅಲ್ಲಿ ವಿಧಿಸಲಾಗಿದೆ. ಎಷ್ಟೇ ಓದಿದ್ದರೂ ಕೈಯಭ್ಯಾಸವಿಲ್ಲದವನು ಕೆಲಸಕ್ಕೆ ಯೋಗ್ಯನಲ್ಲವೆಂಬುದು ಸುಶ್ರುತರ ಮತ.

ಮನಸ್ಸಿನ ಚಿಕಿತ್ಸೆಗೆ ಇಂಥ ಸೋರೆಕಾಯಿ ಸಿಗುವುದಿಲ್ಲ. ದುಃಖವನ್ನು ಆಲಿಸುವುದನ್ನು ದುಃಖಿಗಳ ಬಳಿಯಲ್ಲೇ ಕಲಿಯಬೇಕು. ಸಹಪಾಠಿಗಳು ರೋಗಿಯಂತೆ ನಟಿಸಿ ಅಭ್ಯಾಸ ಮಾಡಿಸುವ ಕ್ರಮವಿದ್ದರೂ ಅದು ಒಂದು ಮಟ್ಟದವರೆಗೆ ಮಾತ್ರ. ಆದುದರಿಂದಲೇ ಈ ವಿದ್ಯೆಯಲ್ಲಿ ಗುರುವಿನ ಮೇಲ್ವಿಚಾರಣೆಗೆ ಎಲ್ಲಕ್ಕಿಂತ ಹೆಚ್ಚಿನ ಸ್ಥಾನ. ಶಿಷ್ಯನು ನಿಮ್ಮೊಡನೆ ಮುಕ್ಕಾಲು ಗಂಟೆ ಮಾತನಾಡಿದ ಮೇಲೆ, ತಾನು ಕೇಳಿದ್ದನ್ನೂ ಹೇಳಿದ್ದನ್ನೂ ಗುರುವಿನ ಮುಂದಿಡುತ್ತಾನೆ. ಎಲ್ಲಿ ಅವಸರವಾಯಿತು, ಯಾವ ಮಾತನ್ನು ಗಮನಿಸಲಿಲ್ಲ, ಮುಂದಿನ ವಾರ ಏನು ಕೇಳಬೇಕು ಎಂಬುದನ್ನು ಗುರು ತಿದ್ದಿಕೊಡುತ್ತಾರೆ. ಹೀಗಾಗಿ ಒಳ್ಳೆಯ ಸಂಸ್ಥೆಯಲ್ಲಿ ಕಲಿಯುವವರ ಬಳಿ ಹೋದ ರೋಗಿಗೆ ಒಬ್ಬರಲ್ಲ, ಇಬ್ಬರ ಬುದ್ಧಿ ದೊರೆಯುತ್ತದೆ.

ಚರಕ ಸಂಹಿತೆಯು ವೈದ್ಯರಲ್ಲಿ ಮೂರು ಬಗೆಯನ್ನು ಹೇಳುತ್ತದೆ. ವೇಷ, ಪುಸ್ತಕ, ಔಷಧಿಯ ಪೆಟ್ಟಿಗೆಗಳನ್ನು ತೋರಿಸಿ ವೈದ್ಯನೆನಿಸಿಕೊಂಡವನು ಛದ್ಮಚರ. ಪ್ರಸಿದ್ಧರ ಹೆಸರಿನ ಆಸರೆಯಲ್ಲಿ ತನಗಿಲ್ಲದ ವಿದ್ಯೆಯನ್ನು ಇದೆಯೆಂದು ತೋರಿಸುವವನು ಸಿದ್ಧಸಾಧಿತ. ನಿಜವಾದ ಜ್ಞಾನವೂ ಅನುಭವವೂ ಇದ್ದು ಪ್ರಾಣವನ್ನು ಕಾಯುವವನು ಜೀವಿತಾಭಿಸರ. ಕಲಿಯುತ್ತಿರುವವರು ಇವರಲ್ಲಿ ಯಾರು? ‘ನಾನು ಇನ್ನೂ ಕಲಿಯುತ್ತಿದ್ದೇನೆ, ನನ್ನ ಗುರುಗಳು ಇಂಥವರು’ ಎಂದು ತಿಳಿಸಿ ಕೆಲಸ ಮಾಡುವವನು ಜೀವಿತಾಭಿಸರನಾಗುವ ದಾರಿಯಲ್ಲಿದ್ದಾನೆ. ಅದನ್ನು ಮುಚ್ಚಿಟ್ಟವನು ಛದ್ಮಚರನ ದಾರಿ ಹಿಡಿದಿದ್ದಾನೆ. ನಾವು ಅಂಜಬೇಕಾದದ್ದು ಕಲಿಕೆಗಲ್ಲ, ಗುರುವಿಲ್ಲದ ಕಲಿಕೆಗೆ. ಎರಡು ದಿನದ ಶಿಬಿರ ಮುಗಿಸಿ ‘ಆಪ್ತಸಮಾಲೋಚಕ’ ಎಂದು ಫಲಕ ತೂಗುಹಾಕಿದವನು, ಓದು ಮುಗಿಯಿತೆಂದು ಎಷ್ಟೇ ಹೇಳಿಕೊಂಡರೂ, ಗುರುವಿನ ಕಣ್ಣಳತೆಯಲ್ಲಿರುವ ವಿದ್ಯಾರ್ಥಿಗಿಂತ ಅಪಾಯಕಾರಿ.

ಒಬ್ಬ ತೋಟಗಾರರ ಅನುಭವ

ಸುಳ್ಯದ ಮೇಲ್ಭಾಗದ ಹಳ್ಳಿಗಳಲ್ಲಿ ಅಡಿಕೆಗೆ ಹಳದಿ ಎಲೆ ರೋಗ ತಗಲಿ ದಶಕಗಳೇ ಕಳೆದಿವೆ. ಸಂಪಾಜೆ, ಅರಂತೋಡಿನ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ತೋಟ ಕಣ್ಣೆದುರೇ ಬರಿದಾಗಿದೆ. ಆ ಭಾಗದ ಮಧ್ಯವಯಸ್ಸಿನ ತೋಟಗಾರರೊಬ್ಬರು ನಿದ್ದೆ ಬರುವುದಿಲ್ಲವೆಂದು ನಮ್ಮಲ್ಲಿಗೆ ಬಂದರು. ನಾಡಿ, ನಾಲಗೆ, ಹಸಿವು ಎಲ್ಲವನ್ನೂ ನೋಡಿದಾಗ, ಇದು ತೈಲದಿಂದಲೋ ಕಷಾಯದಿಂದಲೋ ತೀರುವ ನಿದ್ರಾನಾಶವಲ್ಲವೆಂದು ತಿಳಿಯಿತು. ಮನೋವೈದ್ಯರಿಗೆ ಪತ್ರ ಬರೆದುಕೊಟ್ಟೆವು. ಅಲ್ಲಿ ಮಾತ್ರೆಯೂ ಸಿಕ್ಕಿತು, ವಾರಕ್ಕೊಮ್ಮೆ ಮಾತನಾಡಲು ತರಬೇತಿಯಲ್ಲಿದ್ದ ಯುವತಿಯೊಬ್ಬರೂ ಸಿಕ್ಕರು.

ಎರಡು ವಾರದ ಬಳಿಕ ಅವರು ಮತ್ತೆ ನಮ್ಮ ಮುಂದೆ ಬಂದು ಕುಳಿತರು. “ನಮ್ಮ ಮಗಳ ಪ್ರಾಯದ ಹುಡುಗಿ ಡಾಕ್ಟ್ರೇ, ಅವಳ ಎದುರು ಎಂಥ ಹೇಳುವುದು?” ಎಂದರು. ನಿದ್ದೆಯ ವಿಚಾರವನ್ನಷ್ಟೇ ಹೇಳಿ ಎದ್ದು ಬಂದಿದ್ದರಂತೆ. ಇನ್ನೂ ವಿಚಾರಿಸಿದಾಗ, ಬದುಕೇ ಸಾಕೆಂಬ ಯೋಚನೆ ಆಗಾಗ ಬರುತ್ತಿರುವುದನ್ನು ತಲೆ ತಗ್ಗಿಸಿ ಒಪ್ಪಿಕೊಂಡರು. ಆಸ್ಪತ್ರೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಅವರ ಒಪ್ಪಿಗೆ ಪಡೆದು ಆ ಕೂಡಲೇ ವಿಭಾಗದ ಹಿರಿಯರಿಗೆ ದೂರವಾಣಿ ಮಾಡಿದೆವು. ಮನೆಯವರನ್ನು ಕರೆಸಿ, ತೋಟದ ವಿಷವಸ್ತುಗಳನ್ನೆಲ್ಲ ಬೀಗದೊಳಗೆ ಇಡುವಂತೆಯೂ ಅವರನ್ನು ಒಂಟಿಯಾಗಿ ಬಿಡದಂತೆಯೂ ಹೇಳಿದೆವು. ಮರುದಿನದ ಭೇಟಿಯಲ್ಲಿ ಗುರುವೂ ಶಿಷ್ಯೆಯೂ ಜೊತೆಯಾಗಿಯೇ ಕುಳಿತಿದ್ದರು. ಆ ಯುವತಿ ಸುತ್ತಿ ಬಳಸದೆ, ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದರಂತೆ. ಅಲ್ಲಿಂದ ಮಾತು ತೆರೆಯಿತು. ಬ್ಯಾಂಕಿನ ಸಾಲ, ನಿಂತುಹೋದ ಮದುವೆಯ ಮಾತುಕತೆ, ಊರಿನವರ ಮುಖ ನೋಡಲು ಆಗುವ ಸಂಕೋಚ ಒಂದೊಂದಾಗಿ ಹೊರಬಂದವು. ದಿನಕ್ಕೊಮ್ಮೆ ತೋಟದ ಗಡಿಯವರೆಗೆ ನಡೆದು ಬರುವುದು, ವಾರಕ್ಕೊಮ್ಮೆ ನೆರೆಯವರ ಮನೆಗೆ ಹೋಗುವುದು ಎಂಬಂಥ ಸಣ್ಣ ಕೆಲಸಗಳನ್ನು ಆಕೆ ಗೊತ್ತುಮಾಡಿಕೊಟ್ಟು, ಮುಂದಿನ ವಾರ ತಪ್ಪದೆ ವಿಚಾರಿಸುತ್ತಿದ್ದರು. ತೋಟದ ಹಳದಿ ಇನ್ನೂ ಹೋಗಿಲ್ಲ. ಆದರೆ ಅವರು ಈಗ ನಿದ್ದೆ ಮಾಡುತ್ತಾರೆ, ಉಣ್ಣುತ್ತಾರೆ, ಮೂಲೆಯ ಗದ್ದೆಯಲ್ಲಿ ಬೇರೆ ಬೆಳೆ ಹಾಕುವ ಲೆಕ್ಕಾಚಾರ ನಡೆಸಿದ್ದಾರೆ.

ಈ ಪ್ರಸಂಗದಿಂದ ತಿಳಿಯಬೇಕಾದದ್ದು ಇಷ್ಟು. ಚರಕರು ರೋಗಿಗೆ ಇರಬೇಕಾದ ನಾಲ್ಕು ಗುಣಗಳಲ್ಲಿ ‘ಜ್ಞಾಪಕತ್ವ’ವನ್ನೂ ಸೇರಿಸಿದ್ದಾರೆ. ತನಗೆ ಆಗುತ್ತಿರುವುದನ್ನು ಮರೆಮಾಚದೆ ವೈದ್ಯನಿಗೆ ತಿಳಿಸುವುದೇ ಅದು. ಎದುರಿಗೆ ಕುಳಿತವರ ವಯಸ್ಸು ಚಿಕ್ಕದೆಂದು ನಾವು ಅರ್ಧ ಮಾತನ್ನು ನುಂಗಿದರೆ, ಅವರ ಹಿಂದಿರುವ ಗುರುವಿಗೂ ಅರ್ಧವೇ ತಲುಪುತ್ತದೆ.

ಕಲಿಯುವವರಿಂದ ಗುಣವಾಗುವುದುಂಟೇ?

ಉಂಟು, ಶಿಕ್ಷಣ ಮತ್ತು ಮೇಲ್ವಿಚಾರಣೆ ಸರಿಯಾಗಿದ್ದರೆ. ನೆರೆಯ ಗೋವಾ ರಾಜ್ಯದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾನಸಿಕ ಆರೋಗ್ಯದಲ್ಲಿ ಯಾವ ಪದವಿಯೂ ಇಲ್ಲದ ಸಾಮಾನ್ಯರಿಗೆ ಕೆಲವು ವಾರಗಳ ಪಾಠ, ಬಳಿಕ ತಿಂಗಳುಗಟ್ಟಲೆ ಅಭ್ಯಾಸ ಕೊಟ್ಟು, ತೀವ್ರ ಖಿನ್ನತೆಯಿದ್ದವರೊಡನೆ ಕೆಲವೇ ಭೇಟಿಗಳಲ್ಲಿ ಮಾತುಕತೆ ನಡೆಸುವ ಹೊಣೆ ವಹಿಸಲಾಯಿತು. ಮೂರು ತಿಂಗಳ ಬಳಿಕ ನೋಡಿದಾಗ, ಮಾತುಕತೆಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 64 ಜನರ ಖಿನ್ನತೆ ಇಳಿದಿತ್ತು. ಪಡೆಯದವರಲ್ಲಿ ಆ ಸಂಖ್ಯೆ 39. ಆ ಸಲಹೆಗಾರರು ತಮ್ಮ ಮಾತುಕತೆಯ ಧ್ವನಿಮುದ್ರಣಗಳನ್ನು ಒಟ್ಟಿಗೆ ಕುಳಿತು ಕೇಳಿ, ಒಬ್ಬರನ್ನೊಬ್ಬರು ತಿದ್ದುತ್ತಿದ್ದರೆಂಬುದು ಇಲ್ಲಿ ಮುಖ್ಯ.

ಕಲಿಯುವವರಲ್ಲಿ ಇನ್ನೊಂದು ಗುಣವಿದೆ. ಅವರಿಗೆ ಸಮಯವಿರುತ್ತದೆ. ಹೊರರೋಗಿ ವಿಭಾಗದಲ್ಲಿ ಸಾಲು ಹಚ್ಚಿದ ಜನರ ನಡುವೆ ಹಿರಿಯರಿಗೆ ಸಾಧ್ಯವಾಗದ ತಾಳ್ಮೆಯ ಕೇಳುವಿಕೆ ಇವರಿಂದ ಸಾಧ್ಯ. ಹೊಸದಾಗಿ ಕೈಗೆತ್ತಿಕೊಂಡ ಕಾಯಕದ ಶ್ರದ್ಧೆಯೂ ಇವರಲ್ಲಿ ಕಾಣುತ್ತದೆ. ಆದರೆ ಅನುಭವದ ಕೊರತೆಯೂ ನಿಜವೇ. ಮೌನವನ್ನು ಸಹಿಸಲಾರದೆ ಬೇಗ ಸಲಹೆ ಕೊಟ್ಟುಬಿಡುವುದು, ಪುಸ್ತಕದ ಪ್ರಶ್ನೆಗಳನ್ನು ಸಾಲಾಗಿ ಕೇಳುವುದು ಇವರಲ್ಲಿ ಸಾಮಾನ್ಯ. ಹಾಗೆ ತೋರಿದರೆ ‘ಸ್ವಲ್ಪ ನಿಧಾನವಾಗಿ ಕೇಳಿ’ ಎಂದು ಹೇಳಲು ಸಂಕೋಚ ಬೇಡ. ಆ ಮಾತಿನಿಂದ ಅವರೂ ಕಲಿಯುತ್ತಾರೆ.

ಮೊದಲ ಭೇಟಿಯಲ್ಲೇ ಕೇಳಬೇಕಾದ ಐದು ಪ್ರಶ್ನೆಗಳು

ಇವುಗಳನ್ನು ವಿನಯದಿಂದ ಕೇಳಿದರೆ ಯಾವ ಒಳ್ಳೆಯ ವಿದ್ಯಾರ್ಥಿಯೂ ಬೇಸರಪಡುವುದಿಲ್ಲ.

1. ತಾವು ಯಾವ ಶಿಕ್ಷಣ ಪಡೆಯುತ್ತಿದ್ದೀರಿ, ಎಷ್ಟನೆಯ ವರ್ಷ?

2. ತಮಗೆ ಮಾರ್ಗದರ್ಶನ ಮಾಡುವ ಹಿರಿಯರು ಯಾರು? ಬೇಕೆನಿಸಿದಾಗ ಅವರನ್ನು ನಾವು ಕಾಣಬಹುದೇ?

3. ನಾವು ಹೇಳಿದ್ದು ಯಾರಯಾರಿಗೆ ತಿಳಿಯುತ್ತದೆ? ಧ್ವನಿಮುದ್ರಣ ಮಾಡುವುದಿದೆಯೇ?

4. ತಾವು ಇಲ್ಲಿ ಎಷ್ಟು ಕಾಲ ಇರುತ್ತೀರಿ? ತಾವು ಹೋದ ಮೇಲೆ ನಮ್ಮನ್ನು ಯಾರು ನೋಡುತ್ತಾರೆ?

5. ರಾತ್ರಿ ಹೊತ್ತಿನಲ್ಲಿ ಸಂಕಟ ಹೆಚ್ಚಾದರೆ ಯಾರನ್ನು ಸಂಪರ್ಕಿಸಬೇಕು?

ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬರದಿದ್ದರೆ ಅಲ್ಲಿ ಮುಂದುವರಿಯುವುದು ಬೇಡ. ‘ಇದನ್ನು ನಮ್ಮ ಮೇಲಿನವರಿಗೆ ಹೇಳಬೇಡಿ’ ಎಂದರೂ, ಹಣ ಕೇಳಿದರೂ, ಆಸ್ಪತ್ರೆಯ ಹೊರಗೆ ಒಂಟಿಯಾಗಿ ಭೇಟಿಯಾಗಲು ಕರೆದರೂ, ಮನೋವೈದ್ಯರ ಮಾತ್ರೆಯನ್ನು ನಿಲ್ಲಿಸಲು ಹೇಳಿದರೂ ತಡಮಾಡದೆ ವಿಭಾಗದ ಮುಖ್ಯಸ್ಥರಿಗೆ ತಿಳಿಸಬೇಕು. ಕಲಿಯುವವರು ಬೇಡ, ಹಿರಿಯರೇ ನೋಡಲಿ ಎಂದು ಕೇಳುವುದಕ್ಕೂ ಅಡ್ಡಿಯಿಲ್ಲ. ಹಾಗೆ ಕೇಳಿದ ಮಾತ್ರಕ್ಕೆ ಚಿಕಿತ್ಸೆಯನ್ನೇ ನಿರಾಕರಿಸುವುದು ಸಲ್ಲದು. ಆದರೆ ಆಗ ಹೆಚ್ಚು ದಿನ ಕಾಯಬೇಕಾಗಬಹುದು ಎಂಬುದನ್ನೂ ಅರಿತಿರಬೇಕು.

ಗುಟ್ಟು ಕಾಯುವುದು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ರೋಗಿಯ ವಿಷಯವನ್ನು ಗೋಪ್ಯವಾಗಿಡುವುದನ್ನು ರೋಗಿಯ ಹಕ್ಕೆಂದು ಹೇಳಿದೆ. ಚಿಕಿತ್ಸೆಗೆ ಅಗತ್ಯವಾದಾಗ ಇತರ ಚಿಕಿತ್ಸಕರಿಗೆ ತಿಳಿಸುವುದು, ಪ್ರಾಣಾಪಾಯವನ್ನು ತಪ್ಪಿಸುವುದು ಮೊದಲಾದ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ ಉಂಟು. ಶಿಷ್ಯನು ಗುರುವಿನೊಡನೆ ನಿಮ್ಮ ವಿಷಯ ಚರ್ಚಿಸುವುದು ಚಿಕಿತ್ಸೆಯ ಭಾಗವೇ ಹೊರತು ಗುಟ್ಟು ಬಯಲಾದಂತಲ್ಲ. ಆದರೆ ಊಟದ ಮನೆಯಲ್ಲೋ ಬಸ್ಸಿನಲ್ಲೋ ಆಡುವ ಮಾತು ಬೇರೆ. ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಹೇಳಕೂಡದೆಂದು ಚರಕ ಸಂಹಿತೆಯು ಶಿಷ್ಯನಿಗೆ ವಿದ್ಯಾರಂಭದಲ್ಲೇ ಆಜ್ಞಾಪಿಸುತ್ತದೆ. ವೈದ್ಯನಾದ ಮೇಲೆ ಕಲಿಯಬೇಕಾದ ಶಿಸ್ತು ಇದಲ್ಲ, ಮೊದಲ ದಿನದ ಶಿಸ್ತು.

ಇದೇ ಕಾಯಿದೆಯು ಯಾರನ್ನು ಮಾನಸಿಕ ಆರೋಗ್ಯದ ವೃತ್ತಿಪರರೆಂದು ಕರೆಯಬೇಕೆಂಬುದನ್ನೂ ಗೊತ್ತುಮಾಡಿದೆ. ಆಯುರ್ವೇದದಲ್ಲಿ ಮನೋವಿಜ್ಞಾನ ಮತ್ತು ಮಾನಸರೋಗ ವಿಷಯದ ಸ್ನಾತಕೋತ್ತರ ಪದವೀಧರರು ಆ ಪಟ್ಟಿಯಲ್ಲಿದ್ದಾರೆ. ಬಿ.ಎ.ಎಂ.ಎಸ್. ಪದವಿಯೊಂದರಿಂದಲೇ ನಮ್ಮಂಥವರು ಅದರಲ್ಲಿ ಸೇರುವುದಿಲ್ಲ. ಸತ್ತ್ವಾವಜಯ, ಅಂದರೆ ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂತಿರುಗಿಸುವ ಚಿಕಿತ್ಸೆ, ನಮ್ಮ ಶಾಸ್ತ್ರದಲ್ಲಿ ಇದೆಯೆಂದ ಮಾತ್ರಕ್ಕೆ ಎಲ್ಲ ಆಯುರ್ವೇದ ವೈದ್ಯರೂ ಅದನ್ನು ಮಾಡಬಲ್ಲರೆಂದು ತಿಳಿಯಬಾರದು. ನಾವು ಕೊಡುವ ಔಷಧಿಯ ವಿಷಯವನ್ನು ಮನೋವೈದ್ಯರಿಗೂ, ಅವರ ಮಾತ್ರೆಯ ವಿಷಯವನ್ನು ನಮಗೂ ತಪ್ಪದೆ ತಿಳಿಸಿರಿ.

ಭಾಷೆಯ ತೊಡಕು

ನಮ್ಮ ಮೂರು ತಾಲ್ಲೂಕುಗಳಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ ಎಲ್ಲವೂ ಮನೆಮಾತುಗಳು. ಕಲಿಯಲು ಬಂದವರು ಕೇರಳದವರೋ ಉತ್ತರ ಭಾರತದವರೋ ಬಯಲುಸೀಮೆಯವರೋ ಆಗಿರಬಹುದು. ನಮ್ಮ ಕಡೆಯ ತಾಯಿ ‘ಮಂಡೆಬೆಚ್ಚ’ ಎಂದರೆ, ಹೊಸಬರು ತಲೆ ಬಿಸಿಯಾಗಿದೆಯೆಂದು ಜ್ವರ ನೋಡಲು ಹೊರಟಾರು. ಆಕೆ ಹೇಳಿದ್ದು ಚಿಂತೆಯನ್ನು. ಇಂಥ ಮಾತು ಬಂದಾಗ ಅರ್ಥವನ್ನು ಬಿಡಿಸಿ ಹೇಳಬೇಕು. ದುಭಾಷಿ ಬೇಕಾದರೆ ಆಸ್ಪತ್ರೆಯ ದಾದಿಯರ ನೆರವು ಕೇಳುವುದು ಲೇಸು. ಸೊಸೆಯನ್ನೋ ಮಗನನ್ನೋ ನಡುವೆ ಕೂರಿಸಿಕೊಂಡರೆ, ಅವರ ಬಗ್ಗೆಯೇ ಇರುವ ನೋವು ಹೊರಬರುವುದಾದರೂ ಹೇಗೆ?

ಬೀಳ್ಕೊಡುವ ಸಮಯ

ಶಿಕ್ಷಣದಲ್ಲಿರುವವರು ಕೆಲವು ತಿಂಗಳಿಗೊಮ್ಮೆ ಬೇರೆ ವಿಭಾಗಕ್ಕೆ ಹೋಗುತ್ತಾರೆ, ಇಲ್ಲವೇ ಓದು ಮುಗಿಸಿ ಊರು ಬಿಡುತ್ತಾರೆ. ಮನಸ್ಸು ಬಿಚ್ಚಿ ಹೇಳಿದ ರೋಗಿಗೆ ಇದು ದೊಡ್ಡ ಪೆಟ್ಟು. ‘ಮತ್ತೆ ಮೊದಲಿನಿಂದ ಯಾರಿಗೆ ಹೇಳಲಿ’ ಎಂದು ಚಿಕಿತ್ಸೆ ಬಿಡುವವರು ಹೆಚ್ಚಾಗಿ ಈ ಹಂತದಲ್ಲೇ ಬಿಡುತ್ತಾರೆ. ಹೋಗುವವರೂ ಬರುವವರೂ ಒಂದು ಭೇಟಿಯಲ್ಲಾದರೂ ನಿಮ್ಮೊಡನೆ ಒಟ್ಟಿಗೆ ಕೂರುವಂತೆ ಕೇಳಿಕೊಳ್ಳಿರಿ. ಈವರೆಗೆ ಏನು ಆಯಿತು, ಏನು ಉಳಿಯಿತು ಎಂಬುದನ್ನು ನಿಮ್ಮ ಮುಂದೆಯೇ ಒಬ್ಬರು ಇನ್ನೊಬ್ಬರಿಗೆ ಹೇಳಲಿ. ಆ ತೋಟಗಾರರಿಗೂ ಹೀಗೆಯೇ ನಡೆಯಿತು. ಅವರು ಒಂದು ಭೇಟಿಯನ್ನೂ ತಪ್ಪಿಸಲಿಲ್ಲ.

ಹಿರಿಯರೇ ಬೇಕಾದ ಸಂದರ್ಭಗಳು

ಸಾಯುವ ಯೋಚನೆ ಗಟ್ಟಿಯಾಗಿರುವಾಗ, ಇಲ್ಲದ ಧ್ವನಿಗಳು ಕೇಳಿಸುವಾಗ, ಅನ್ನ ನೀರು ಬಿಟ್ಟಾಗ, ಬಾಣಂತಿಯ ಬುದ್ಧಿ ಹಠಾತ್ತನೆ ಕದಡಿದಾಗ, ಕುಡಿತ ಬಿಟ್ಟವರಿಗೆ ನಡುಕ, ಭ್ರಮೆ, ಸೆಳವು ಕಾಣಿಸಿಕೊಂಡಾಗ ಮಾತುಕತೆಗಾಗಿ ಕಾಯದೆ ಮನೋವೈದ್ಯರಿರುವ ಆಸ್ಪತ್ರೆಗೆ ಆ ಕ್ಷಣವೇ ಕರೆದೊಯ್ಯಬೇಕು. ದಾರಿ ತಿಳಿಯದಿದ್ದರೆ ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದು ಹಗಲಿರುಳೂ ಇದೆ, ಉಚಿತವಾಗಿದೆ, ಕನ್ನಡದಲ್ಲಿಯೂ ದೊರೆಯುತ್ತದೆ.

ಉಳಿದ ಬೇನೆಗಳಲ್ಲಿ ಎಳೆಯ ಮುಖವನ್ನು ಕಂಡು ಹಿಂಜರಿಯುವ ಕಾರಣವಿಲ್ಲ. ಮೇಲಿನ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು, ಆಸ್ಪತ್ರೆಯ ಕಡತದೊಳಗೆ ಇಟ್ಟುಕೊಂಡು ಹೋಗಿರಿ. ಉತ್ತರ ಸಮಾಧಾನಕರವಾಗಿದ್ದರೆ, ಹೇಳಬೇಕಾದುದನ್ನು ಪೂರ್ತಿಯಾಗಿ ಹೇಳಿರಿ. ಮುಂದಿನ ಭೇಟಿಯ ದಿನವನ್ನು ಗೊತ್ತುಮಾಡಿಕೊಂಡೇ ಮನೆಗೆ ಮರಳಿರಿ.